ಎರಡು ಸಲ ಕಂದಾಯ ಕಟ್ಟಿದವರ ಶಾಲೆ

(ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಊರಲ್ಲಿ ಸ್ಕೂಲಿನ ಗೋಡೆ ಬಿದ್ದಾಗ ಎರಡು ಮಾತು ಕೇಳಿಬರ್ತವೆ. "ಅದು ಸರ್ಕಾರದ ಕೆಲಸ, ನಮಗ್ಯಾಕೆ?" ಅನ್ನೋದು ಒಂದು. "ಸರ್ಕಾರ ಎಲ್ಲಿ ಮಾಡುತ್ತೆ, ನಾವೇ ಚಂದಾ ಎತ್ತಿ ಕಟ್ಟಿಕೊಳ್ಳೋಣ" ಅನ್ನೋದು ಇನ್ನೊಂದು. ಈ ಎರಡಕ್ಕೂ ಉತ್ತರ ಕೊಟ್ಟ ಜನ ಇದ್ದಾರೆ. ಅವರು ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನ. ನೂರು ವರ್ಷಕ್ಕೂ ಹಿಂದೆ ಅವರು ಸ್ಕೂಲು ಕಟ್ಟಿದ ಕತೆ ಇವತ್ತು ನಿಮ್ಮ ಮುಂದೆ ಇಡ್ತೀನಿ.

1865ರಲ್ಲಿ ಅಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಸತ್ತಿತು. ಆದರೆ ಹೊಲ ಬಹುಪಾಲು ಬಿಳಿಯರ ಕೈಯಲ್ಲೇ ಉಳಿಯಿತು. ಕಪ್ಪು ಜನ ಅದೇ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆದರು. ಬೀಜ ಸಾಲ, ಹಿಟ್ಟು ಸಾಲ. ವರ್ಷದ ಕೊನೆಗೆ ಲೆಕ್ಕ ಬರೆಯೋನು ಜಮೀನ್ದಾರ. ಜೀತ ಕಂಡ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಅಲಬಾಮ ರಾಜ್ಯದಲ್ಲಿ 1901ರ ಸಂವಿಧಾನ ಕಪ್ಪು ಜನರ ಓಟನ್ನೂ ಕಿತ್ತುಕೊಂಡಿತು. ಓಟು ಹೋಯಿತು, ಓಟಿನ ಜೊತೆ ಸ್ಕೂಲಿನ ಹಣವೂ ಹೋಯಿತು. ಕಪ್ಪು ಜನ ಕಟ್ಟಿದ ತೆರಿಗೆಯಲ್ಲಿ ಬಿಳಿಯರ ಮಕ್ಕಳಿಗೆ ಒಳ್ಳೇ ಕಟ್ಟಡ ಎದ್ದಿತು. ಇವರ ಮಕ್ಕಳು ಚರ್ಚಿನ ಬೆಂಚಿನ ಮೇಲೆ, ಸೋರುವ ಗುಡಿಸಿಲಲ್ಲಿ ಅಕ್ಷರ ಕಲಿತರು.

ಬೂಕರ್ ಟಿ. ವಾಷಿಂಗ್ಟನ್ ಅನ್ನೋರು ಗುಲಾಮರಾಗಿ ಹುಟ್ಟಿದವರು. 1881ರಲ್ಲಿ ಅಲಬಾಮದಲ್ಲಿ ಶುರುವಾದ ಟಸ್ಕೀಗಿ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಅವರು. 1912ರಲ್ಲಿ ಷಿಕಾಗೋದ ದೊಡ್ಡ ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡ್ ಆ ಸಂಸ್ಥೆಗೆ ಹಣ ಕೊಟ್ಟರು. ಅದರಲ್ಲಿ ಸ್ವಲ್ಪ ತೆಗೆದು ಹಳ್ಳಿಗಳಲ್ಲಿ ಆರು ಸಣ್ಣ ಸ್ಕೂಲು ಕಟ್ಟೋಣ ಅಂತ ವಾಷಿಂಗ್ಟನ್ ಕೇಳಿದರು. ರೋಸೆನ್‌ವಾಲ್ಡ್ ಒಪ್ಪಿದರು. ಮುಂದೆ ಇದೇ ದೊಡ್ಡ ಯೋಜನೆಯಾಯಿತು. ಆದರೆ ಷರತ್ತು ಇತ್ತು. ಅವರದು ಒಂದು ಪಾಲು ಮಾತ್ರ. ಊರಿನ ಜನ ತಮ್ಮ ಪಾಲು ತರಬೇಕು: ರೊಕ್ಕವೋ, ಜಾಗವೋ, ಮರವೋ, ಮೈಬೆವರೋ. ಸರ್ಕಾರಿ ಶಿಕ್ಷಣ ಮಂಡಳಿಯೂ ಕೈ ಹಾಕಬೇಕು. ಕಟ್ಟಿದ ಸ್ಕೂಲನ್ನು ಸರ್ಕಾರಿ ಶಾಲೆಯ ಹೆಸರಿಗೆ ಬರೆದುಕೊಡಬೇಕು.

1913ರಲ್ಲಿ ಲೋಚಪೋಕ ಅನ್ನೋ ಸಣ್ಣ ಊರಲ್ಲಿ ಮೊದಲನೇ ಸ್ಕೂಲು ಎದ್ದಿತು. ಅದರ ಲೆಕ್ಕ ಕೇಳಿ. ಒಟ್ಟು ಖರ್ಚು 942 ಡಾಲರ್ 50 ಸೆಂಟ್. ರೋಸೆನ್‌ವಾಲ್ಡ್ ಕೊಟ್ಟದ್ದು 300. ಊರಿನ ಬಿಳಿಯರು ಕೊಟ್ಟದ್ದು 360. ಕಪ್ಪು ಜನ 150 ಡಾಲರ್ ಕೂಡಿಸಿ ಜಾಗ ಕೊಂಡರು. ಅದರ ಮೇಲೆ ಅವರು ಮಾಡಿದ ಬಿಟ್ಟಿ ದುಡಿಮೆಗೆ 132 ಡಾಲರ್ 50 ಸೆಂಟ್ ಅಂತ ಬೆಲೆ ಕಟ್ಟಿ ಬರೆದರು. ಈ ಕೊನೇ ಸಾಲು ನೆನಪಿಟ್ಟುಕೊಳ್ಳಿ. ಅಲ್ಲಿ ಬಡವರ ಬೆವರಿಗೂ ಲೆಕ್ಕದಲ್ಲಿ ಒಂದು ಸಾಲು ಇತ್ತು.

ಚಂದಾ ಹೇಗೆ ಕೂಡಿತು? ಹೆಂಗಸರು ಕೋಳಿ, ಮೊಟ್ಟೆ ಮಾರಿದರು. ಅಡಿಗೆ ಮಾಡಿ ಬುತ್ತಿ ಕಟ್ಟಿ ಹರಾಜು ಹಾಕಿದರು. ಕೆಲವು ಕಡೆ ರೈತರು ಹೊಲದ ಒಂದು ತುಂಡನ್ನು ಸ್ಕೂಲಿಗೆ ಅಂತಲೇ ಬಿಟ್ಟು, ಅದರ ಹತ್ತಿ ಮಾರಿದ ಹಣ ಕೊಟ್ಟರು. ಬೊಲಿಜಿ ಅನ್ನೋ ಊರಲ್ಲಿ ಹತ್ತಿಗೆ ಹುಳ ಬಿದ್ದು ಬೆಳೆಯೇ ಹೋಗಿತ್ತು. ಆ ಹೊತ್ತಲ್ಲೂ ಜನ ಸಭೆ ಸೇರಿದರು. ಗುಲಾಮಗಿರಿ ಕಂಡಿದ್ದ ಒಬ್ಬ ಮುದುಕ ಎದ್ದು ಬಂದು ಜಿಡ್ಡು ಹಿಡಿದ ಒಂದು ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದ. ಎಲ್ಲಾ ಚಿಲ್ಲರೆ. ಎಣಿಸಿದರೆ 38 ಡಾಲರ್. ಅವನ ಬದುಕಿನ ಗಳಿಕೆಯೇ ಅಷ್ಟು. ಮೊಮ್ಮಕ್ಕಳ ಮಕ್ಕಳಿಗಾದರೂ ಒಂದು ದಾರಿ ಸಿಗಲಿ ಅಂತ ಅಷ್ಟನ್ನೂ ಕೊಟ್ಟ.

ಹಳ್ಳಿಗಳಲ್ಲಿ ಕರೆಂಟು ಇರಲಿಲ್ಲ. ಅದಕ್ಕೇ ಪೂರ್ವ, ಪಶ್ಚಿಮದ ಬೆಳಕು ಪೂರಾ ಒಳಗೆ ಬರೋ ಹಾಗೆ ಎತ್ತರದ ಸಾಲು ಕಿಟಕಿ ಇಟ್ಟು ನಕ್ಷೆ ಮಾಡಿದರು.

1932ಕ್ಕೆ ಯೋಜನೆ ನಿಂತಾಗ 15 ರಾಜ್ಯಗಳಲ್ಲಿ 4,977 ಸ್ಕೂಲು ಎದ್ದಿದ್ದವು. ಮೇಷ್ಟ್ರ ಮನೆ, ಕಸುಬು ಕಲಿಸುವ ಕೊಠಡಿ ಸೇರಿ 5,357 ಕಟ್ಟಡ. ಒಟ್ಟು ಖರ್ಚು 2 ಕೋಟಿ 84 ಲಕ್ಷ ಡಾಲರ್. ನೂರಕ್ಕೆ 64 ಪಾಲು ತೆರಿಗೆ ಹಣ. ರೋಸೆನ್‌ವಾಲ್ಡ್ ನಿಧಿಯದು 15. ಬಿಳಿಯರ ದೇಣಿಗೆ 4. ಕಪ್ಪು ಜನರ ದೇಣಿಗೆ 17. ಅಂದರೆ ಸಾಹುಕಾರನಿಗಿಂತ ಕೂಲಿಯವರು ಹೆಚ್ಚು ಕೊಟ್ಟರು. ಆದರೂ ಆ ಸ್ಕೂಲುಗಳಿಗೆ ಸಾಹುಕಾರನ ಹೆಸರೇ ನಿಂತಿತು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಆ 64 ಪಾಲು ತೆರಿಗೆಯಲ್ಲಿ ಕಪ್ಪು ಜನರ ತೆರಿಗೆಯೂ ಇತ್ತಲ್ಲ! ಹಾಗಾದರೆ ಚಂದಾ ಯಾಕೆ? ಬಿಳಿಯರ ಮಕ್ಕಳಿಗೆ ಪುಕ್ಕಟೆ ಸಿಗೋ ಸ್ಕೂಲಿಗೆ ಇವರು ಎರಡು ಸಲ ಕಂದಾಯ ಕಟ್ಟಿದರು. ಜೇಮ್ಸ್ ಆಂಡರ್ಸನ್ ಅನ್ನೋ ಚರಿತ್ರೆಕಾರರು 1988ರ ತಮ್ಮ ಪುಸ್ತಕದಲ್ಲಿ ಇದನ್ನು ಇಮ್ಮಡಿ ತೆರಿಗೆ ಅಂತಲೇ ಕರೆದರು. ಅದನ್ನು ತ್ಯಾಗ ಅಂತ ಹೊಗಳಿ ಸುಮ್ಮನಾದರೆ ಮೋಸ ಮಾಡಿದವನು ತಪ್ಪಿಸಿಕೊಳ್ತಾನೆ.

ಹಾಗಂತ ಅವರು ಕಟ್ಟಬಾರದಿತ್ತೇ? ಕಟ್ಟದೇ ಇದ್ದಿದ್ದರೆ ಒಂದು ತಲೆಮಾರು ಅಕ್ಷರ ಇಲ್ಲದೆ ಹೋಗುತ್ತಿತ್ತು. ಕಟ್ಟಿದ್ದರಿಂದ ಮಂಡಳಿಗೆ ಕೈತೊಳೆದುಕೊಳ್ಳಲು ಆಗಲಿಲ್ಲ. ಸ್ಕೂಲು ಸರ್ಕಾರದ ಹೆಸರಲ್ಲಿದೆ, ಮೇಷ್ಟ್ರಿಗೆ ಸಂಬಳ ಕೊಡಲೇಬೇಕು. ಕಡಿಮೆ ಕೊಟ್ಟರು, ನಿಜ. ಆದರೆ ಕೊಟ್ಟರು. ಮುಂದೆ ಓಟಿನ ಹಕ್ಕಿಗಾಗಿ ಲಾಠಿ ಏಟು ತಿಂದು, ಪಾರ್ಲಿಮೆಂಟಿಗೂ ಹೋದ ಜಾನ್ ಲೂಯಿಸ್ ಓದಿದ್ದು ಇಂಥ ಒಂದು ಸ್ಕೂಲಲ್ಲಿ.

1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬಣ್ಣ ನೋಡಿ ಸ್ಕೂಲು ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ದೊಡ್ಡ ಗೆಲುವು. ಆದರೆ ಸ್ಕೂಲು ಒಂದು ಮಾಡುವಾಗ ಬಾಗಿಲು ಮುಚ್ಚಿದ್ದು ಹೆಚ್ಚಾಗಿ ಕಪ್ಪು ಜನರ ಸ್ಕೂಲುಗಳದ್ದೇ. ಸಾವಿರಾರು ಕಪ್ಪು ಮೇಷ್ಟ್ರುಗಳ ಕೆಲಸ ಹೋಯಿತು. ಬೆವರಿನ ಕಟ್ಟಡಗಳು ಪಾಳುಬಿದ್ದವು. 2002ರಲ್ಲಿ ಅಲ್ಲಿನ ರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಇವನ್ನು ನಾಶದ ಅಂಚಿನ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಆಮೇಲೆ ಊರೂರಲ್ಲಿ ಅಲ್ಲಿ ಓದಿದ ಮುದುಕ ಮುದುಕಿಯರೇ ಮತ್ತೆ ಚಂದಾ ಎತ್ತಿ ಹಲವು ಕಟ್ಟಡ ದುರಸ್ತಿ ಮಾಡಿಸಿದರು.

ಲೋಚಪೋಕದ ಸ್ಕೂಲು ಎದ್ದ ಅದೇ 1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. 1946ರಲ್ಲಿ ಕಪ್ಪು ಜನರ ಹಿರಿಯ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. ಅವರ ಪಾಡು ನಮ್ಮ ಪಾಡು ಒಂದೇ ನೂಲಿನದು ಅಂತ ಅವರಿಗೆ ಗೊತ್ತಿತ್ತು.

ಈಗ ನಮ್ಮ ಮಾತು. ಅವರ ಕೈಯಲ್ಲಿ ಓಟು ಇರಲಿಲ್ಲ, ನಮ್ಮ ಕೈಯಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಸರ್ಕಾರಿ ಸ್ಕೂಲಿನ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಿ ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು, ಹಿಂದುಳಿದ ಗುಂಪುಗಳ ಮಕ್ಕಳ ಪೋಷಕರಿಗೆ ಪಾಲಿಗೆ ತಕ್ಕ ಜಾಗ ಇರಬೇಕು ಅಂತ ಅದು ಹೇಳುತ್ತೆ. ಆ ಸಮಿತಿ ಬರೆದ ಅಭಿವೃದ್ಧಿ ಯೋಜನೆಯ ಆಧಾರದ ಮೇಲೆ ಅನುದಾನ ಕೊಡಬೇಕು ಅಂತಲೂ ಹೇಳುತ್ತೆ. ನಮ್ಮ ಕೇರಿಯ ಎಷ್ಟು ಅಕ್ಕಂದಿರು ಆ ಸಮಿತಿಯಲ್ಲಿ ಕೂತು ಬಾಯಿಬಿಟ್ಟು ಮಾತಾಡ್ತಾರೆ? ಬರೀ ರುಜು ಹಾಕೋದಕ್ಕೆ ಕರೀತಾರಾ?

ಗೋಡೆ ಬಿದ್ದರೆ ಎತ್ತೋಣ. ಮಕ್ಕಳು ಮಳೆಯಲ್ಲಿ ನೆನೆಯುವಾಗ ಕಾಯ್ತಾ ಕೂರೋದು ಬೇಡ. ಆದರೆ ಎತ್ತಿದ ಕಲ್ಲಿಗೂ ಕೊಟ್ಟ ಆಳಿಗೂ ಬೆಲೆ ಕಟ್ಟಿ ಸಮಿತಿಯ ಪುಸ್ತಕದಲ್ಲಿ ಬರೆಸೋಣ, ಲೋಚಪೋಕದವರ ಹಾಗೆ. ಆ ಲೆಕ್ಕವನ್ನು ಸರ್ಕಾರದ ಮುಂದೆ ಇಟ್ಟು, "ಇಷ್ಟು ನಾವು ಮಾಡಿದ್ದು, ನಿಮ್ಮ ಪಾಲು ಎಲ್ಲಿ?" ಅಂತ ಕೇಳೋಣ.

ಜೈ ಭೀಮ್.