ಭೌತಶಾಸ್ತ್ರ ಓದಿ ಏನು ಮಾಡುತ್ತೀಯ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಸಾಫ್ಟ್‌ವೇರ್ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದರು. ಅದಕ್ಕೆ ತಯಾರಾಗಿಯೇ ಬಂದಿದ್ದೆ. ಆದರೆ ಬೆಳಿಗ್ಗೆ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನ ವಿಷಯವನ್ನೇ ಬದಲಿಸಿದಳು. “ಸರ್, ನಂಗೆ ಫಿಸಿಕ್ಸ್ ಅಂದ್ರೆ ತುಂಬಾ ಇಷ್ಟ. ಬ್ಲ್ಯಾಕ್ ಹೋಲ್ ಬಗ್ಗೆ ಓದ್ಬೇಕು ಅಂತ ಆಸೆ. ಅದನ್ನ ಓದಿ ಏನ್ ಮಾಡ್ತೀಯ ಅಂತ ಅಪ್ಪ ಕೇಳ್ತಾರೆ. ಏನ್ ಹೇಳ್ಲಿ?” ಎಂದಳು.

ಇದೇ ಪ್ರಶ್ನೆಯನ್ನು ನನ್ನ ಅಪ್ಪನೂ ಕೇಳಿದ್ದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಸಿಇಟಿ ಬರೆದು ಬಿಇ ಸೇರಿದೆ. ಅದಕ್ಕೆ ಬೇಸರವಿಲ್ಲ, ಆ ಓದು ಅನ್ನ ಕೊಟ್ಟಿದೆ, ಮನೆಯ ಸಾಲ ತೀರಿಸಿದೆ. ಆದರೆ ಎರಡೂ ದಾರಿ ಗೊತ್ತಿದ್ದು ಒಂದನ್ನು ಹಿಡಿದಿದ್ದರೆ ಅದನ್ನು ಆಯ್ಕೆ ಎನ್ನಬಹುದಿತ್ತು. ನಾನು ಹೋದದ್ದು ಇನ್ನೊಂದು ದಾರಿ ಇದೆಯೆಂದು ಗೊತ್ತಿಲ್ಲದೆ.

ಅಪ್ಪಂದಿರ ಪ್ರಶ್ನೆ ತಪ್ಪಲ್ಲ. ಕಷ್ಟಪಟ್ಟು ದುಡಿದು ಓದಿಸುವವರು ಕೇಳಲೇಬೇಕಾದ ಪ್ರಶ್ನೆ ಅದು. ಹಾಗಾಗಿ ಮುಚ್ಚುಮರೆಯಿಲ್ಲದೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಬ್ಲ್ಯಾಕ್ ಹೋಲ್‌ನಂಥ ವಿಷಯಗಳನ್ನು ಗಣಿತದ ಮೂಲಕ ಅರ್ಥಮಾಡಿಕೊಳ್ಳುವ ಶಾಖೆಗೆ ಸೈದ್ಧಾಂತಿಕ ಭೌತಶಾಸ್ತ್ರ ಎನ್ನುತ್ತಾರೆ. ಇದರಲ್ಲಿ ಪಿಎಚ್‌ಡಿ ಮಾಡಿದವರೆಲ್ಲ ಪ್ರಾಧ್ಯಾಪಕರಾಗುತ್ತಾರೆಯೇ? ಲೆಕ್ಕ ಹಾಕಿ ನೋಡೋಣ. ಒಬ್ಬ ಪ್ರಾಧ್ಯಾಪಕರು ಸೇವೆಯಲ್ಲಿರುವಷ್ಟು ಕಾಲದಲ್ಲಿ ಹತ್ತು ಜನರಿಗೆ ಪಿಎಚ್‌ಡಿ ಮಾಡಿಸಿದರು ಎಂದುಕೊಳ್ಳಿ. ಅವರು ನಿವೃತ್ತರಾದಾಗ ಖಾಲಿಯಾಗುವುದು ಒಂದೇ ಕುರ್ಚಿ. ಹೊಸ ಸಂಸ್ಥೆಗಳು ತೆರೆದರೆ ಇನ್ನೊಂದೆರಡು ಸಿಕ್ಕಾವು. ಉಳಿದವರು ಎಲ್ಲಿಗೆ ಹೋಗುತ್ತಾರೆ?

ಅಂಥ ಒಬ್ಬರು ನನ್ನ ಪಕ್ಕದ ಮೇಜಿನಲ್ಲೇ ಕೂರುತ್ತಾರೆ. ಒಂದು ಹಬ್ಬದ ದಿನ ನಮ್ಮ ಆ್ಯಪ್ ತೆವಳತೊಡಗಿತು. ಇನ್ನಷ್ಟು ಸರ್ವರ್ ಹಾಕೋಣ ಎಂದು ನಾವು ಇಂಜಿನಿಯರುಗಳೆಲ್ಲ ಹೇಳಿದೆವು. ಅವರು ಎರಡೇ ಪ್ರಶ್ನೆ ಕೇಳಿದರು: ಸೆಕೆಂಡಿಗೆ ಎಷ್ಟು ಕೋರಿಕೆ ಬರುತ್ತಿವೆ? ಒಂದೊಂದೂ ಒಳಗೆ ಎಷ್ಟು ಹೊತ್ತು ಇರುತ್ತದೆ? ಬರುತ್ತಿದ್ದುದು 200, ಇರುತ್ತಿದ್ದುದು 3 ಸೆಕೆಂಡ್. ಅಂದರೆ ಒಳಗೆ 600, ಜಾಗವಿದ್ದದ್ದು 500ಕ್ಕೆ. “ಮೂರು ಸೆಕೆಂಡ್ ಯಾಕೆ ಬೇಕು ಅಂತ ಮೊದಲು ಹುಡುಕಿ” ಎಂದರು. ಡೇಟಾಬೇಸಿನ ಒಂದು ಕೆಲಸ ನಿಧಾನವಾಗಿತ್ತು. ಅದನ್ನು ಸರಿಮಾಡಿದ ಮೇಲೆ ಒಂದು ಸೆಕೆಂಡೇ ಸಾಕಾಯಿತು. ಹೊಸ ಸರ್ವರ್ ಬೇಕಾಗಲಿಲ್ಲ.

ಮಕ್ಕಳೇ, ಈ ಲೆಕ್ಕ ನಿಮಗೂ ಬರುತ್ತದೆ. ಬಿಸಿಯೂಟದ ಸಾಲಿಗೆ ನಿಮಿಷಕ್ಕೆ 10 ಮಕ್ಕಳು ಸೇರುತ್ತಾರೆ, ಒಬ್ಬೊಬ್ಬರೂ 6 ನಿಮಿಷ ನಿಲ್ಲುತ್ತಾರೆ ಎಂದರೆ ಸಾಲಿನಲ್ಲಿ ಸರಾಸರಿ 60 ಮಕ್ಕಳು ಇರುತ್ತಾರೆ. 1961ರಲ್ಲಿ ಇದನ್ನು ಸಾಧಿಸಿ ತೋರಿಸಿದ ಜಾನ್ ಲಿಟಲ್ ಕೂಡ ಮೂಲತಃ ಭೌತಶಾಸ್ತ್ರ ಓದಿದವರೇ. ಗೊಂದಲದಲ್ಲಿ ಮುಖ್ಯವಾದ ಎರಡು ಸಂಖ್ಯೆಗಳನ್ನು ಹೆಕ್ಕಿ, ಉಳಿದದ್ದನ್ನು ಸದ್ಯಕ್ಕೆ ಬದಿಗಿಡುವುದೇ ಭೌತಶಾಸ್ತ್ರ ಕಲಿಸುವ ವಿದ್ಯೆ. ಅದಕ್ಕೆ ಹಲವು ಕಡೆ ಬೆಲೆಯಿದೆ.

ಹಣಕಾಸಿನ ಕ್ಷೇತ್ರವನ್ನೇ ನೋಡಿ. ಷೇರು ಮಾರುಕಟ್ಟೆಯ ಆಪ್ಷನ್‌ಗಳಿಗೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸಮೀಕರಣ 1973ರಲ್ಲಿ ಪ್ರಕಟವಾಯಿತು. ಅದರ ರೂಪ ಬದಲಿಸಿದರೆ ಕಬ್ಬಿಣದ ಸರಳಿನಲ್ಲಿ ಶಾಖ ಹರಡುವ ಸಮೀಕರಣವೇ ಆಗುತ್ತದೆ. ಕಣ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ್ದ ಇಮ್ಯಾನುಯೆಲ್ ಡರ್ಮನ್ 1985ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿ ಇಂಥ ಲೆಕ್ಕಗಳಲ್ಲೇ ಹೆಸರು ಮಾಡಿದರು. ಸ್ಟೀಫನ್ ವುಲ್ಫ್ರಾಮ್ ಕೂಡ ಕಣ ಭೌತಶಾಸ್ತ್ರ ಓದಿದವರು. ಅವರ ಕಂಪನಿ 1988ರಲ್ಲಿ ಮ್ಯಾಥಮ್ಯಾಟಿಕಾ ಎಂಬ ಗಣಿತದ ಸಾಫ್ಟ್‌ವೇರ್ ಹೊರತಂದಿತು. ವಾಲ್ಟರ್ ಗಿಲ್ಬರ್ಟ್ ಅಬ್ದುಸ್ ಸಲಾಂ ಅವರ ಶಿಷ್ಯರು. ಜೀವಶಾಸ್ತ್ರಕ್ಕೆ ಹೊರಳಿ, ಬಯೋಜೆನ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾಗಿ, 1980ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ನಮ್ಮ ದೇಶದಲ್ಲೇ ಹುಟ್ಟಿದ ವೆಂಕಿ ರಾಮಕೃಷ್ಣನ್ ಭೌತಶಾಸ್ತ್ರದ ಪಿಎಚ್‌ಡಿ ಮುಗಿದ ಮೇಲೂ ಜೀವಶಾಸ್ತ್ರದ ತರಗತಿಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. 2009ರಲ್ಲಿ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಇವರೆಲ್ಲ ದೊಡ್ಡವರು ಎನ್ನಬೇಡಿ. ಹವಾಮಾನ ಮುನ್ಸೂಚನೆ, ಡೇಟಾ ಸೈನ್ಸ್, ಉಪಗ್ರಹಗಳ ಪಥದ ಲೆಕ್ಕ, ಎಲ್ಲೆಡೆ ಇಂಥವರಿಗೆ ಕೆಲಸವಿದೆ. ಪಿಎಚ್‌ಡಿವರೆಗೆ ಹೋಗದವರಿಗೂ ದಾರಿಯಿದೆ. ಎಂಎಸ್ಸಿ ಭೌತಶಾಸ್ತ್ರದ ನಂತರ ವಿಕಿರಣ ಭೌತಶಾಸ್ತ್ರದ ತರಬೇತಿ ಪಡೆದವರು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ. ಗಡ್ಡೆಗೆ ಎಷ್ಟು ವಿಕಿರಣ ತಲುಪಬೇಕು, ಪಕ್ಕದ ಅಂಗಕ್ಕೆ ತಗಲುವುದನ್ನು ಹೇಗೆ ತಗ್ಗಿಸಬೇಕು ಎಂದು ಲೆಕ್ಕ ಹಾಕುವವರು ಅವರೇ.

ಕಷ್ಟವನ್ನೂ ಹೇಳಬೇಕು. ನನ್ನ ಸಹೋದ್ಯೋಗಿ ಕೆಲಸ ಹುಡುಕಲು ಹೊರಟಾಗ ಅವರಿಗೆ 34 ವರ್ಷ. ಅರ್ಜಿಯಲ್ಲಿ ಪ್ರಬಂಧಗಳ ಪಟ್ಟಿಯಷ್ಟೇ ಇತ್ತು. ತಿಂಗಳುಗಟ್ಟಲೆ ಯಾರೂ ಕರೆಯಲಿಲ್ಲ. ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರ ಕಲಿತು, ತಾವೇ ಮಾಡಿದ ಎರಡು ಸಣ್ಣ ಕೆಲಸಗಳನ್ನು ತೋರಿಸಿದ ಮೇಲೆ ಬಾಗಿಲು ತೆರೆಯಿತು. ತಮಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಕೂತು ಶುರುಮಾಡಿದರು. “ಇದನ್ನ ಬಿಎಸ್ಸಿಯಲ್ಲೇ ಯಾರಾದ್ರೂ ಹೇಳಿದ್ರೆ ಚೆನ್ನಾಗಿರ್ತಿತ್ತು” ಎಂದು ಅವರು ಈಗಲೂ ಅನ್ನುತ್ತಾರೆ. ಅವರಿಗೆ ತಡವಾಗಿ ಸಿಕ್ಕ ಮಾತು ನಿಮಗೆ ಇವತ್ತೇ ಸಿಗಲಿ ಎಂದು ಹೇಳುತ್ತಿದ್ದೇನೆ.

ತಂಗಿ, ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೀಗೆ ಹೇಳು: “ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ತಗೋತೀನಿ. ಆಮೇಲೆ ಬಿಎಸ್ಸಿಗೆ ಹೋಗ್ತೀನಿ, ಇಲ್ಲವೇ ಐಸರ್ ಪ್ರವೇಶ ಪರೀಕ್ಷೆ ಬರೀತೀನಿ. ಬಿಎಸ್ಸಿ ಆದ್ಮೇಲೆ ಐಐಟಿಗಳಲ್ಲಿ ಎಂಎಸ್ಸಿ ಮಾಡೋಕೆ ಜಾಮ್ ಪರೀಕ್ಷೆ ಇದೆ. ಜೊತೆಗೆ ಪ್ರೋಗ್ರಾಮಿಂಗ್ ಕಲೀತೀನಿ. ಸಂಶೋಧನೆಯಲ್ಲಿ ಜಾಗ ಸಿಕ್ಕಿದ್ರೆ ಸಂತೋಷ. ಸಿಗದಿದ್ರೆ ಬೇರೆ ಕಡೆ ದುಡಿಯೋ ಶಕ್ತಿ ಇರುತ್ತೆ.” ಅವರು ಇನ್ನೂ ಬೇಡ ಎಂದರೆ ಜಗಳವಾಡಬೇಡ, ನನಗೆ ಫೋನ್ ಮಾಡಿಸು. ನಂಬರ್ ಮುಖ್ಯೋಪಾಧ್ಯಾಯರ ಹತ್ತಿರ ಇದೆ. ಮನೆಗೇ ಬಂದು ಮಾತಾಡುತ್ತೇನೆ.