ಆಕಾಶ ನೋಡುತ್ತಾ ನಿಂತವರ ಬಳಿಗೆ
(ಪ್ರಭುವಿನ ಸ್ವರ್ಗಾರೋಹಣ ಮಹೋತ್ಸವದ ಪ್ರಬೋಧನೆ)



ಪ್ರಭು ಯೇಸು ಕಣ್ಮರೆಯಾದ ಮೇಲೂ ಶಿಷ್ಯರು ಆಕಾಶವನ್ನೇ ನೋಡುತ್ತಾ ನಿಂತಿದ್ದರೆಂದು ಇಂದಿನ ಮೊದಲ ವಾಚನದಲ್ಲಿ ಕೇಳಿದೆವು. ಅಗಲಿಕೆಯ ನೋವೇ ಹಾಗೆ. ಅಂಥವರಿಗೆ ಪ್ರಭು ವಹಿಸಿದ್ದು ಸಾಕ್ಷಿಗಳಾಗುವ ಕೆಲಸ. 1967ರಲ್ಲಿ ಆರಂಭವಾದ ವಿಶ್ವ ಸಂಪರ್ಕ ಮಾಧ್ಯಮ ದಿನವೂ ಇಂದೇ. ಸುದ್ದಿ ಬರೆಯುವವನೂ ಒಬ್ಬ ಸಾಕ್ಷಿ.

2010ರ ಮೇ 22, ಪೆಂಟೆಕೋಸ್ಟ್ ಹಬ್ಬದ ಮುನ್ನಾದಿನ. ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ದುರಂತಕ್ಕೀಡಾಗಿ 158 ಮಂದಿ ತೀರಿಕೊಂಡರು. ಲೋಕಕ್ಕೆ ಅದು 158. ಹೆತ್ತ ತಾಯಿಗೆ ಒಂದೇ ಒಂದು. ಗುರುತು ಸಿಗದ 12 ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಮಣ್ಣು ಮಾಡಲಾಯಿತು. ಆ ಮನೆಗಳಿಗೆ ಉಳಿದದ್ದು ಹೆಸರು ಮತ್ತು ನೆನಪು.

ಆ ಎರಡನ್ನೂ ಕಾಪಾಡುವುದು ಸುದ್ದಿಗಾರನಿಗೆ ಸಾಧ್ಯ. ದೂರದ ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯಾದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಮಡಿದವರ ಮನೆಯವರನ್ನು ಸಂಪರ್ಕಿಸಿ, ಅವರು ಹೇಗೆ ಬದುಕಿದ್ದರು ಎಂದು ಕೇಳಿದರು. ಒಬ್ಬೊಬ್ಬರಿಗೂ ಪುಟ್ಟದೊಂದು ಬರಹ. ಅಂಥವು ಎರಡು ಸಾವಿರಕ್ಕೂ ಹೆಚ್ಚು. ಹತ್ತು ವರ್ಷಗಳಾದ ಮೇಲೆ, 2011ರಲ್ಲಿ, ಅವುಗಳಲ್ಲಿ ಕೆಲವು ಕುಟುಂಬಗಳನ್ನು ಪತ್ರಿಕೆ ಮತ್ತೆ ಮಾತನಾಡಿಸಿತು.

ಎಮ್ಮಾವು ದಾರಿಯಲ್ಲಿ ಪ್ರಭುವೂ ಹೀಗೆಯೇ ನಡೆದುಕೊಂಡರು. ಎಲ್ಲವನ್ನೂ ಬಲ್ಲವರಾದರೂ ಏನಾಯಿತೆಂದು ಕೇಳಿದರು, ತಾಳ್ಮೆಯಿಂದ ಆಲಿಸಿದರು, ಸಂಜೆಯಾದಾಗ ಮನೆಯೊಳಗೂ ಹೋದರು.

ಅಳುವ ತಾಯಿಯ ಮುಖಕ್ಕೆ ಮೈಕ್ ಹಿಡಿದು ಹೊರಟುಹೋಗುವವನನ್ನು ಆ ಮನೆ ನೆನೆಯಲೂ ಬಯಸದು. ಹೆಸರನ್ನು ತಪ್ಪಿಲ್ಲದೆ ಬರೆದು, ಕೇಳಿ ಪಡೆದ ಫೋಟೊವನ್ನು ಮರಳಿಸಲು ಬಂದು, ವರ್ಷದ ದಿನ ಫೋನ್ ಮಾಡುವವನು ಆ ಮನೆಯ ಮಗನೇ ಆಗುತ್ತಾನೆ.

ಪ್ರಿಯರೇ, ಮೊಬೈಲ್ ಹಿಡಿದ ನಾವೆಲ್ಲರೂ ಇಂದು ಸುದ್ದಿಗಾರರೇ. ಅಪಘಾತದ ಚಿತ್ರವನ್ನು ಮನೆಯವರಿಗೆ ತಿಳಿಯುವ ಮೊದಲೇ ಹತ್ತು ಜನರಿಗೆ ಕಳುಹಿಸಿಬಿಡುತ್ತೇವೆ. ತಿಂಗಳ ಪೂಜೆ ಮುಗಿದ ಮೇಲೆ ಮಾತ್ರ ಆ ಮನೆಯ ದಾರಿಯನ್ನೇ ಮರೆಯುತ್ತೇವೆ. ದುಃಖದ ಭಾರ ಹೆಚ್ಚುವುದು ಜನ ಕರಗಿದ ಮೇಲೆ ಎಂಬುದು ನಮಗೆ ತಿಳಿಯದ ಮಾತೇ?

ಈ ವಾರ ನಮ್ಮ ಧರ್ಮಕೇಂದ್ರದಲ್ಲಿ ಸಾವಿನ ನೋವುಂಡ ಒಂದು ಮನೆಗೆ ಹೋಗೋಣ. ಉಪದೇಶ ಬೇಡ, ತೀರಿಕೊಂಡವರ ಹೆಸರು ಹಿಡಿದು ಮಾತನಾಡಿಸಿ, ಕೇಳಿಸಿಕೊಳ್ಳೋಣ. ಯುಗಾಂತ್ಯದವರೆಗೂ ಜೊತೆಗಿರುವೆನೆಂದು ಮಾತುಕೊಟ್ಟ ಪ್ರಭು, ನಮ್ಮ ಕೈಗಳಿಂದಲೇ ಆ ಮನೆಯ ಬಾಗಿಲು ತಟ್ಟಲಿ. ಆಮೆನ್.