ರಕ್ತದ ಮಟ್ಟ ನೋಡಿ ಔಷಧದ ಹೀರಿಕೆ ಅಳೆಯುವಾಗ



ನುಂಗಿದ ಮಾತ್ರೆಯಲ್ಲಿ ಎಷ್ಟು ಭಾಗ ದೇಹಕ್ಕೆ ಸೇರಿತು? ಕರುಳಿನೊಳಗೆ ಇಣುಕಿ ನೋಡಲಾಗದು. ಆದ್ದರಿಂದ ಹೊತ್ತುಹೊತ್ತಿಗೆ ರಕ್ತ ತೆಗೆದು, ಅದರಲ್ಲಿರುವ ಔಷಧವನ್ನು ಅಳೆದು, ಹೀರಿಕೆಯನ್ನು ಅಂದಾಜು ಮಾಡುತ್ತೇವೆ. ತಪ್ಪು ನುಸುಳುವುದು ಈ ಅಂದಾಜಿನಲ್ಲೇ.

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ. ಒಂದು ಪೈಪಿನಿಂದ ನೀರು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ. ಮಟ್ಟ ಮಾತ್ರ ನೋಡಿ ಎಷ್ಟು ನೀರು ಬಂತೆಂದು ಹೇಳಲಾದೀತೇ? ಹೋದ ನೀರಿನ ಲೆಕ್ಕವೂ ಬೇಕು. ರಕ್ತದಲ್ಲೂ ಹಾಗೆಯೇ.

ಮೊದಲ ತಪ್ಪು, ರಕ್ತದಲ್ಲಿ ಔಷಧ ಕಡಿಮೆ ಕಂಡರೆ ಕರುಳು ಹೀರಲಿಲ್ಲ ಎಂದುಕೊಳ್ಳುವುದು. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲನ್ನು ಕರುಳು ಬಹುತೇಕ ಪೂರ್ತಿ ಹೀರುತ್ತದೆ. ಆದರೆ ಯಕೃತ್ತು ಮೊದಲ ಸುತ್ತಿನಲ್ಲೇ ಅದರ ಬಹುಪಾಲನ್ನು ಒಡೆಯುವುದರಿಂದ ಸುಮಾರು ಕಾಲುಭಾಗ ಮಾತ್ರ ದೇಹದ ರಕ್ತಕ್ಕೆ ಸೇರುತ್ತದೆ.

ಎರಡನೆಯದು, ಗ್ರಾಫಿನ ಇಳಿಜಾರು ಯಾವಾಗಲೂ ವಿಸರ್ಜನೆಯ ವೇಗವನ್ನೇ ತೋರಿಸುತ್ತದೆ ಎಂದು ನಂಬುವುದು. ರುಮಾಟಿಕ್ ಜ್ವರ ಮರುಕಳಿಸದಂತೆ ಮಕ್ಕಳಿಗೆ 3-4 ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತಾರೆ. ರಕ್ತ ಸೇರಿದ ಪೆನಿಸಿಲಿನ್ನಿನ ಅರ್ಧಭಾಗವನ್ನು ಆರೋಗ್ಯವಂತ ದೇಹ ಸುಮಾರು ಅರ್ಧ ಗಂಟೆಯಲ್ಲಿ ಹೊರಹಾಕುತ್ತದೆ. ಆದರೂ ಅದು ರಕ್ತದಲ್ಲಿ ವಾರಗಟ್ಟಲೆ ಸಿಗುತ್ತದೆ. ಸ್ನಾಯುವಿನಿಂದ ನಿಧಾನವಾಗಿ ಬರುತ್ತಲೇ ಇರುತ್ತದೆ. ಇಲ್ಲಿ ಇಳಿಜಾರು ತೋರಿಸುವುದು ಹೀರಿಕೆಯ ವೇಗವನ್ನು.

ಮೂರನೆಯದು, ಮಟ್ಟ ಇಮ್ಮಡಿಯಾದರೆ ಹೀರಿಕೆಯೂ ಇಮ್ಮಡಿಯಾಯಿತು ಎಂಬ ಎಣಿಕೆ. 1960ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಮೂರ್ಛೆರೋಗದ ಫೆನಿಟಾಯಿನ್ ಕ್ಯಾಪ್ಸೂಲಿಗೆ ತುಂಬುವ ಪುಡಿಯನ್ನು ಕ್ಯಾಲ್ಸಿಯಂ ಸಲ್ಫೇಟಿನಿಂದ ಲ್ಯಾಕ್ಟೋಸಿಗೆ ಬದಲಿಸಿದರು. ಔಷಧದ ಪ್ರಮಾಣ ಹಿಂದಿನಷ್ಟೇ ಇತ್ತು. ಆದರೆ ಹೀರಿಕೆ ಹೆಚ್ಚಿತು. ಫೆನಿಟಾಯಿನ್ ಒಡೆಯುವ ಯಕೃತ್ತಿನ ಶಕ್ತಿಗೆ ಮಿತಿಯಿದೆ. ಹಾಗಾಗಿ ರಕ್ತದ ಮಟ್ಟ ಹೀರಿಕೆಯ ಹೆಚ್ಚಳವನ್ನೂ ಮೀರಿ ಏರಿತು. ಬ್ರಿಸ್ಬೇನ್ ನಗರದಲ್ಲಿ ಅನೇಕ ರೋಗಿಗಳು ವಿಷಬಾಧೆಗೆ ಒಳಗಾದರು.

ಹಾಗಾದರೆ ದಾರಿ ಯಾವುದು? ಸಾಧ್ಯವಿದ್ದಲ್ಲಿ ಅದೇ ವ್ಯಕ್ತಿಗೆ ಔಷಧವನ್ನು ನೇರ ರಕ್ತನಾಳಕ್ಕೂ ಕೊಟ್ಟು, ಹೊರಹೋಗುವ ಲೆಕ್ಕವನ್ನು ಮೊದಲು ತಿಳಿಯಬೇಕು. ಮಟ್ಟ ಏರುವಾಗ ಬೇಗಬೇಗ ರಕ್ತ ತೆಗೆಯಬೇಕು, ಇಲ್ಲವಾದರೆ ಶಿಖರವೇ ತಪ್ಪಿಹೋಗುತ್ತದೆ. ಮಟ್ಟ ಇಳಿಯುವಾಗ ಅವಸರದಿಂದ ನಿಲ್ಲಿಸಬಾರದು, ನಿಲ್ಲಿಸಿದರೆ ಬಾಲದ ಭಾಗ ಲೆಕ್ಕಕ್ಕೆ ಸಿಗದು.

ಫಾರ್ಮಸಿ, ವೈದ್ಯಕೀಯ ಓದುವ ಮಕ್ಕಳೇ, ಇಂಥ ಗ್ರಾಫ್ ಕೈಗೆ ಬಂದಾಗ “ಎಷ್ಟು ಬಂತು?” ಎನ್ನುವ ಮುನ್ನ “ಹೇಗೆ ಹೋಗುತ್ತಿದೆ?” ಎಂದು ಕೇಳಿ. ಉಳಿದವರಿಗೆ ಒಂದೇ ಮಾತು: ಮೂರ್ಛೆರೋಗದ ಮಾತ್ರೆಯ ಕಂಪನಿಯನ್ನು ವೈದ್ಯರಿಗೆ ತಿಳಿಸದೆ ಬದಲಿಸಬೇಡಿ. ಚೀಟಿಯ ಮೇಲಿನ ಮಿಲಿಗ್ರಾಂ ಒಂದೇ ಇದ್ದರೂ ರಕ್ತ ಸೇರುವ ಔಷಧ ಬೇರೆಯಾಗಬಹುದು.